ಸಿರಿಯ ಹೆಸರು ಬಂತು, 'ದಾರಗ' ಎಂಬ ಹೆಸರು ಯಾಕೆ ಬರಲಿಲ್ಲ?

ಉಡುಪಿ, ಮಂಗಳೂರಿನ ಕಡೆ ಹೆಣ್ಣುಮಗುವಿಗೆ 'ಸಿರಿ' ಎಂದು ಹೆಸರಿಟ್ಟರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಅಜ್ಜಿಗೂ ಕರೆಯಲು ಸುಲಭ, ಶಾಲೆಯ ರಿಜಿಸ್ಟರಿನಲ್ಲೂ ಚೆಂದ. ಆದರೆ ತುಳುವರ ಪಾಡ್ದನದಲ್ಲಿ, ಅಂದರೆ ಹಾಡಿ ಹೇಳುವ ಕಥೆಯಲ್ಲಿ, ಸಿರಿ ಒಬ್ಬಳೇ ಇರುವವಳಲ್ಲ. ಅವಳ ಮಗಳು ಸೊನ್ನೆ, ಸೊನ್ನೆಯ ಜೊತೆ ಅಕ್ಕತಂಗಿಯಂತೆ ಬೆಳೆದವಳು ಗಿಂಡೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ಸಿರಿಯನ್ನು ತೊಟ್ಟಿಲಿಗೆ ತಂದ ನಾವು ಈ ನಾಲ್ವರನ್ನು ಹೊರಗೇ ನಿಲ್ಲಿಸಿದ್ದೇವೆ. ಅಬ್ಬಗ, ದಾರಗ ಎಂಬ ಹೆಸರಿನ ಮಗುವನ್ನು ನಾನು ಇವತ್ತಿನವರೆಗೆ ಕಂಡಿಲ್ಲ.

ಸಿರಿ ಎಂದರೆ ಸಂಪತ್ತು, ಸೊಬಗು. ಸಂಸ್ಕೃತದ 'ಶ್ರೀ' ಕನ್ನಡಕ್ಕೆ ಬಂದು ಸಿರಿಯಾಯಿತು, ಸಿರಿಗನ್ನಡ, ಸಿರಿಧಾನ್ಯಗಳಲ್ಲಿ ಇರುವುದೂ ಅದೇ. ಹಾಗಾಗಿ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಸಿರಿ ಎಂದು ಹೆಸರಿಡುವವರಿಗೆ ತುಳುನಾಡಿನ ಕಥೆ ಗೊತ್ತಿರಬೇಕೆಂದೇನಿಲ್ಲ, ಅವರು ಮನೆಗೆ ಲಕ್ಷ್ಮಿ ಬಂದಳೆಂದು ಇಡುತ್ತಾರೆ. 2011ರ ಅಕ್ಟೋಬರಿನಲ್ಲಿ ಐಫೋನ್ 4ಎಸ್ ಜೊತೆ ಬಂದ ಮಾತಾಡುವ ಸಹಾಯಕಿಗೂ ಇದೇ ಹೆಸರು, ಆದರೆ ಅದರ ಮೂಲ ನಾರ್ವೆ ಕಡೆಯದು. ಅಲ್ಲಿ ಸಿರಿ ಎನ್ನುವುದು ಸಿಗ್ರಿಡ್ ಎಂಬ ಹೆಸರಿನ ಚಿಕ್ಕ ರೂಪ. ನಮ್ಮ ಸಿರಿಗೂ ಅದಕ್ಕೂ ನಂಟಿಲ್ಲ.

ನಮ್ಮ ಸಿರಿಯ ಹುಟ್ಟು ಸತ್ಯನಾಪುರದಲ್ಲಿ. ಮಕ್ಕಳಿಲ್ಲದ ಮುದುಕ ಬಿರ್ಮಣ್ಣ ಆಳ್ವ ತುಳುವರ ದೈವ ಬೆರ್ಮೆರ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದಾಗ ಪ್ರಸಾದವಾಗಿ ಸಿಕ್ಕ ಪಿಂಗಾರ, ಅಂದರೆ ಅಡಿಕೆಯ ಹೂವು, ಮತ್ತು ಗಂಧದಿಂದ ಮೂಡಿದ ಮಗು ಅವಳು. ಬಸ್ರೂರಿನ ಕಾಂತು ಪೂಂಜನಿಗೆ ಮದುವೆ ಮಾಡಿಕೊಡುತ್ತಾರೆ. ಸಿರಿ ಬಸುರಿಯಾದಾಗ ಗಂಡ ತಂದ ಬಯಕೆ ಸೀರೆಯನ್ನು ಅವನು ಹೋಗಿಬರುತ್ತಿದ್ದ ಸಿದ್ದು ಎಂಬವಳು ಮೊದಲು ಉಟ್ಟು ಬಿಚ್ಚಿರುತ್ತಾಳೆ. ಅದು ಗೊತ್ತಾಗಿ, ನೆರೆದ ಜನರೆದುರೇ ಸಿರಿ ಆ ಸೀರೆ ಬೇಡವೆನ್ನುತ್ತಾಳೆ. ಅಲ್ಲಿಂದ ಅವಳು ಹಿಂದೆ ಸರಿಯುವುದಿಲ್ಲ. ಅಜ್ಜನೆಂದೇ ಕರೆಯುತ್ತಿದ್ದ ಬಿರ್ಮಣ್ಣ ಆಳ್ವನ ಅರಮನೆಯ ಹಕ್ಕು ಕೇಳುತ್ತಾಳೆ, ನ್ಯಾಯ ಸಿಗದಾಗ ಅರಮನೆ ಉರಿದುಹೋಗಲೆಂದು ಶಪಿಸುತ್ತಾಳೆ. ಗಂಡನ ಸಂಬಂಧವನ್ನು ತಾನೇ ಕಡಿದು ಹೊರಡುತ್ತಾಳೆ. ಮಗ ಕುಮಾರನನ್ನು ಮಾಯಕ್ಕೆ, ಅಂದರೆ ಕಣ್ಣಿಗೆ ಕಾಣದ ಲೋಕಕ್ಕೆ, ಕಳಿಸಿ, ಮುಂದೆ ಕೊಡ್ಸರ ಆಳ್ವನನ್ನು ಮದುವೆಯಾಗಿ, ಅವನ ಮೊದಲ ಹೆಂಡತಿ ಸಾಮುವನ್ನು ತಂಗಿಯಂತೆ ಒಲಿಸಿಕೊಂಡು, ಸೊನ್ನೆಯನ್ನು ಹೆತ್ತು ಮಾಯವಾಗುತ್ತಾಳೆ.

ಆಸ್ತಿ ಕೇಳಿದ, ಗಂಡನನ್ನು ಬಿಟ್ಟ, ಮರುಮದುವೆಯಾದ ಹೆಣ್ಣಿನ ಹೆಸರಿದು. ತಾಯಿಯ ಕಡೆಯಿಂದ ಬಳಿ, ಅಂದರೆ ಕುಲ, ಮತ್ತು ಹಕ್ಕು ಹರಿಯುವ ಅಳಿಯಸಂತಾನದ ನಾಡಿನಲ್ಲಿ ಮಾತ್ರ ಹುಟ್ಟಬಹುದಾದ ಕಥೆ ಎಂದೇ ನನಗೆ ಅನ್ನಿಸುತ್ತದೆ. 'ಸಂಪತ್ತು' ಎಂಬ ಅರ್ಥವೊಂದನ್ನೇ ಹಿಡಿದು ಮಗಳಿಗೆ ಸಿರಿ ಎಂದು ಹೆಸರಿಡುವ ಕರಾವಳಿಯ ಅಪ್ಪ ಅಮ್ಮ, ಮಗಳು ದೊಡ್ಡವಳಾದ ಮೇಲೆ ಉಳಿದದ್ದನ್ನೂ ಹೇಳಬೇಕು.

ಈ ಕಥೆ ಉಳಿದದ್ದು ಗದ್ದೆಯಲ್ಲಿ. ನೇಜಿ, ಅಂದರೆ ಭತ್ತದ ಸಸಿ, ನೆಡುವ ಹೆಂಗಸರು ಬಾಗಿದ ಬೆನ್ನಿನಲ್ಲೇ ಒಬ್ಬಳು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿದು ಹಾಡಿದ ಪಾಡ್ದನ ಇದು. ಬೆಳ್ತಂಗಡಿ ತಾಲ್ಲೂಕಿನ ಮಾಚಾರು ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿಯನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ಜೊತೆ ಸೇರಿ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದರ ಸಾಲುಗಳ ಸಂಖ್ಯೆ 15,683. ಹೋಮರನ ಇಲಿಯಡ್ ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದ. ಓದಿ ಕಲಿತದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು.

ಹಾಗಿದ್ದರೆ ಉಳಿದ ಹೆಸರುಗಳು ಯಾಕೆ ಬರಲಿಲ್ಲ? ಸೊನ್ನೆಯ ವಿಷಯ ಬೇಗ ಮುಗಿಯುತ್ತದೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ಆ ಹೆಸರಿನ ಹುಡುಗಿ ಗಣಿತದ ಪೀರಿಯಡ್ ಕಳೆಯುವುದು ಕಷ್ಟ. ಗಿಂಡೆ ಎಂದರೆ ನೀರಿನ ಗಿಂಡಿ ಕಣ್ಣೆದುರು ಬರುತ್ತದೆ. ಅಬ್ಬಗ, ದಾರಗರ ಕಾರಣ ಬೇರೆ, ಆಳದ್ದು.

ಸೊನ್ನೆ ಮಕ್ಕಳಿಲ್ಲದೆ ಕೊರಗಿ ಬೆರ್ಮೆರಿಗೆ ಹರಕೆ ಹೊತ್ತು ಅವಳಿಗಳನ್ನು ಹೆರುತ್ತಾಳೆ. ಮಕ್ಕಳು ಬೆಳೆದ ಸಂತೋಷದಲ್ಲಿ ಹರಕೆ ಮರೆತುಹೋಗುತ್ತದೆ. ತಂದೆ ತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅಕ್ಕತಂಗಿ ಚೆನ್ನೆಮಣೆ ಇಟ್ಟುಕೊಂಡು ಕೂರುತ್ತಾರೆ. ಚೆನ್ನೆಮಣೆ ನೋಡಿರದವರಿಗೆ ಹೇಳುವುದಾದರೆ, ಅದು ಎರಡು ಸಾಲಿನಲ್ಲಿ ಏಳೇಳು ಗುಳಿ ಕೊರೆದ ಭಾರದ ಮರದ ಹಲಗೆ. ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಕಾಯಿ ಹಾಕಿ, ಒಂದೊಂದೇ ಗುಳಿಗೆ ಬಿತ್ತುತ್ತಾ ಹೋಗಬೇಕು. ಆಟದಲ್ಲಿ ದಾರಗ ಗೆಲ್ಲುತ್ತಾ ಬಂದಾಗ ಅಬ್ಬಗಳಿಗೆ ಸಿಟ್ಟು ನೆತ್ತಿಗೇರುತ್ತದೆ. ಮಣೆ ಎತ್ತಿ ತಂಗಿಯ ತಲೆಗೆ ಹೊಡೆಯುತ್ತಾಳೆ. ತಂಗಿ ಸತ್ತದ್ದು ಕಂಡು ಅವಳ ದೇಹವನ್ನು ಬಾವಿಗೆ ಹಾಕಿ ತಾನೂ ಹಾರುತ್ತಾಳೆ.

ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಈಗಲೂ ಇದೆ. ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ಮಣೆಯನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಹುಡುಗಿಯರ ಆಟವನ್ನೇ ಹೀಗೆ ಕಟ್ಟಿಹಾಕಿದ ಹೆಸರುಗಳನ್ನು ಮಗುವಿಗೆ ಇಡಲು ಹಿರಿಯರು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೂ ಒಂದು ಕಾರಣ ಸಿರಿಜಾತ್ರೆಯಲ್ಲಿ ಸಿಗುತ್ತದೆ. ಹಿರಿಯಡ್ಕ, ನಂದಳಿಕೆ, ಕವತ್ತಾರು ಮೊದಲಾದ ಕಡೆ ಬೇಸಗೆಯ ಹುಣ್ಣಿಮೆಯ ರಾತ್ರಿ ಹೆಂಗಸರು ಬಿಳಿ ಸೀರೆ ಉಟ್ಟು, ಕೈಯಲ್ಲಿ ಪಿಂಗಾರ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಪಾಡ್ದನ ಏರುತ್ತಿದ್ದಂತೆ ಮೈಮೇಲೆ ಬರುತ್ತದೆ. ಹೊಸಬಳೊಬ್ಬಳು ಮೊದಲ ಸಲ ನಡುಗಲು ತೊಡಗಿದರೆ ಸಿರಿಯ ಮಗ ಕುಮಾರನನ್ನು ಮೈಮೇಲೆ ತಂದುಕೊಳ್ಳುವ ಪಾತ್ರಿ ಅವಳ ಎದುರು ನಿಂತು ಕೇಳುವುದು ಒಂದೇ: ನೀನು ಯಾರು, ಹೆಸರು ಹೇಳು. ಎಷ್ಟೋ ಹೊತ್ತು ಅವಳು ಬಾಯಿ ಬಿಡುವುದಿಲ್ಲ. ಬೆದರಿಸುತ್ತಾನೆ, ಸಮಾಧಾನ ಹೇಳುತ್ತಾನೆ. ಕೊನೆಗೆ ಸೊನ್ನೆ ಎಂದೋ ಅಬ್ಬಗ ಎಂದೋ ದಾರಗ ಎಂದೋ ಅವಳ ಬಾಯಿಂದ ಬಂದಾಗ ಸುತ್ತ ನಿಂತ ಮನೆಯವರ ಉಸಿರು ಸಲೀಸಾಗುತ್ತದೆ. ಮನೆಯಲ್ಲಿ ಯಾರಿಗೂ ಹೇಳಿಕೊಳ್ಳಲಾಗದ ದುಃಖ ಇದ್ದವಳಿಗೆ ಅಲ್ಲಿ ಒಂದು ಕುಲ, ಒಂದು ಸ್ಥಾನ ಸಿಗುತ್ತದೆ, ಮುಂದಿನ ವರ್ಷ ಅವಳು ಅದೇ ಹೆಸರಿನಲ್ಲಿ ಬಂದು ನಿಲ್ಲುತ್ತಾಳೆ. ಹೀಗೆ ಆಲಡೆಯ, ಅಂದರೆ ಸಿರಿಜಾತ್ರೆ ನಡೆಯುವ ಗುಡಿಯ, ಅಂಗಳದಲ್ಲಿ ಕೂಗಿ ಹೇಳುವ ಹೆಸರನ್ನು ದಿನಾ ಅಡುಗೆಮನೆಯಿಂದ ಕರೆಯಲು ನಾಲಿಗೆ ತಡೆಯುತ್ತದೆ.

ಇದರ ಜೊತೆ ನಮ್ಮ ಹೆಸರುಗಳ ದಾರಿಯೂ ಬದಲಾಯಿತು. ಹುಟ್ಟಿದ ವಾರ ನೋಡಿ ಐತ, ಚೋಮ, ಅಂಗಾರ, ತುಕ್ರ ಎಂದು ಇಡುತ್ತಿದ್ದ, ಅಜ್ಜಿಯ ಹೆಸರಾದ ಅಕ್ಕು, ದುಗ್ಗು, ದೇಜುಗಳನ್ನು ಮೊಮ್ಮಗಳಿಗೆ ದಾಟಿಸುತ್ತಿದ್ದ ಕಾಲ ಹೋಯಿತು. ಜಾತಿಯ ಕೀಳರಿಮೆ ಅಂಟಿಸಿದ್ದ ಹೆಸರುಗಳನ್ನು ಜನ ಕಿತ್ತೆಸೆದದ್ದು ಸರಿಯೇ. ಆದರೆ ಆ ಜಾಗಕ್ಕೆ ಪುರಾಣದ್ದು, ಸಿನಿಮಾದ್ದು, ಆಮೇಲೆ ಮೊಬೈಲಿನಲ್ಲಿ ಹುಡುಕಿದ್ದು ಬಂದವು, ತುಳುವಿನದ್ದು ಬರಲಿಲ್ಲ. ಸಿರಿ ಒಳಗೆ ಬಂದದ್ದು ಕನ್ನಡದ ಅರ್ಥವನ್ನು ಜೊತೆಗಿಟ್ಟುಕೊಂಡು.

ಅಬ್ಬಗಳನ್ನು ಹೋಲುವ ಹೆಸರೊಂದಕ್ಕೆ ಮಾತ್ರ ಬೇರೆ ಭಾಗ್ಯ ಸಿಕ್ಕಿತು. 1623ರಲ್ಲಿ ಉಳ್ಳಾಲಕ್ಕೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅಲ್ಲಿನ ಚೌಟ ರಾಣಿಯನ್ನು ಕಂಡು ಹೆಸರನ್ನು 'ಅಬಗ್' ಎಂದು ಬರೆದುಕೊಂಡ. ಪೋರ್ಚುಗೀಸರಿಗೆ ಸೆಡ್ಡು ಹೊಡೆದ ಅಬ್ಬಕ್ಕನ ಹೆಸರು 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗಿಗೂ ಬಂತು. ಆದರೂ ಅಬ್ಬಕ್ಕ ಎಂದು ಮಗಳಿಗೆ ಹೆಸರಿಟ್ಟವರು ಅಪರೂಪ. ಮೆರವಣಿಗೆಗೆ ಬೇಕು, ಮನೆಗೆ ಬೇಡ ಎಂಬಂತಾಗಿದೆ, ಅದು ನನಗೆ ಬೇಸರದ ಸಂಗತಿ.

ದುಃಖದಲ್ಲಿ ಸತ್ತವರ ಹೆಸರು ಬೇಡ ಎನ್ನುವವರಿಗೆ ನಾನು ಹೇಳುವುದು ಸೀತೆಯ ಮಾತು. ಕಾಡು, ಅಗ್ನಿ, ತುಂಬುಬಸುರಿಯಲ್ಲಿ ಪರಿತ್ಯಾಗ, ಕೊನೆಗೆ ಭೂಮಿ. ಆದರೂ ಸೀತಾ, ಜಾನಕಿ, ವೈದೇಹಿ ಎಂದು ನಾವು ಹೆದರದೆ ಇಟ್ಟೆವು. ದಾರಗ ಮಾಡಿದ ತಪ್ಪಾದರೂ ಏನು? ಆಟದಲ್ಲಿ ಗೆದ್ದಳು. ಮೂರಕ್ಷರ, ತುಳುವಿಗೂ ಕನ್ನಡಕ್ಕೂ ಹೊರಳುವ ಉಚ್ಚಾರ, ಅಡ್ಡ ಬರುವ ಬೇರೆ ಅರ್ಥವಿಲ್ಲ. ಜನನ ನೋಂದಣಿಯಲ್ಲಿ ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ, ಮನೆಯ ಹಿರಿಯರನ್ನು ಒಪ್ಪಿಸಲು ಅಷ್ಟು ಸಮಯ ಧಾರಾಳ ಸಾಕು. ಸಿರಿಯ ತಂಗಿಯಾಗಿ ಹುಟ್ಟುವ ಮಗುವಿಗೆ ಹೆಸರು ಹುಡುಕುತ್ತಿರುವವರು ದಾರಗ ಎಂದು ಒಂದು ಸಲ ಕರೆದು ನೋಡಲಿ.