ಮಗನಿಗೆ ಗಾಡಿ ಓಡಿಸೋಕೆ ಬರುತ್ತೆ, ಡ್ರೈವಿಂಗ್ ಸ್ಕೂಲ್ ಬೇಕಾ?

ಪ್ರಶ್ನೆ: ನಮ್ಮ ಮಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಒಂದು ವರ್ಷದಿಂದ ಊರಲ್ಲಿ ಸ್ಕೂಟರ್ ಓಡಿಸ್ತಾನೆ, ಕೈ ಚೆನ್ನಾಗಿ ಕೂತಿದೆ. ಟ್ಯೂಷನ್ನಿಗೆ ಹೋಗೋಕೆ ಗಾಡಿ ಕೊಟ್ಟರೆ ತಪ್ಪೇನು? 18 ಆದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಬೇರೆ ಸೇರಿಸಬೇಕಾ, ಅಥವಾ ಅದು ಸುಮ್ನೆ ದುಡ್ಡು ದಂಡವಾ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಕೊಡಬೇಡಿ. ಎರಡನೆಯದಕ್ಕೆ ಸ್ವಲ್ಪ ಉದ್ದ ಬೇಕು.

16 ಆದವರಿಗೂ ಲೈಸೆನ್ಸ್ ಕೊಡ್ತಾರಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಕೊಡುತ್ತಾರೆ, ನಿಜ. ಆದರೆ ಅದು ಗೇರ್ ಇಲ್ಲದ, 50 ಸಿಸಿ ಮೀರದ ಎಂಜಿನ್ನಿನ ಗಾಡಿಗೆ ಮಾತ್ರ. ಲೂನಾ, ಟಿವಿಎಸ್ 50 ಓಡಾಡುತ್ತಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಈಗ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಟಿವಿಎಸ್ ಎಕ್ಸೆಲ್ಲೇ ಹೆಚ್ಚುಕಡಿಮೆ 100 ಸಿಸಿ. ಆಕ್ಟಿವಾ 110ರ ಹತ್ತಿರ. ಅಂದರೆ 16ರ ಲೈಸೆನ್ಸ್ ಕೈಯಲ್ಲಿದ್ದರೂ ನಿಮ್ಮ ಮನೆ ಮುಂದೆ ನಿಂತಿರುವ ಸ್ಕೂಟರಿಗೆ ಅದು ನಡೆಯುವುದಿಲ್ಲ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 199ಎ ಅಂತ ಒಂದು ಸೆಕ್ಷನ್ ಸೇರಿಸಿದರು. ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಅದರ ಹೊಣೆ ತಂದೆ-ತಾಯಿ ಅಥವಾ ಗಾಡಿಯ ಮಾಲೀಕರದು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. 'ನನಗೆ ಗೊತ್ತೇ ಇರಲಿಲ್ಲ' ಅನ್ನುವುದಾದರೆ ಅದನ್ನು ನೀವೇ ಸಾಬೀತು ಮಾಡಬೇಕು. ನಮ್ಮ ರಾಜ್ಯದಲ್ಲೂ ಕೋರ್ಟುಗಳು ಪೋಷಕರಿಗೆ ಈ 25,000 ಹಾಕಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ನನ್ನ ಪ್ರಕಾರ ಹುಡುಗರಿಗೆ ಹೇಳಬೇಕಾದ ಮಾತು ಇನ್ನೊಂದಿದೆ. ಹಾಗೆ ಸಿಕ್ಕಿಬಿದ್ದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಡಿಗ್ರಿ ಮುಗಿದು ಕೆಲಸಕ್ಕೆ ಸೇರಿದ ಮೇಲೂ ಗೆಳೆಯರ ಗಾಡಿಯ ಹಿಂದೆ ಕೂತೇ ಹೋಗಬೇಕು. ಇದು ಅವರಿಗೆ ಜೈಲಿಗಿಂತ ಬೇಗ ಅರ್ಥವಾಗುತ್ತದೆ.

ಇನ್ಶೂರೆನ್ಸ್ ಇದೆಯಲ್ಲ ಅಂತ ನೆಚ್ಚಿಕೊಳ್ಳಬೇಡಿ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ಅಪಘಾತವಾದರೆ, ಪೆಟ್ಟು ತಿಂದವರಿಗೆ ಕಂಪನಿ ಪರಿಹಾರ ಕೊಟ್ಟರೂ ಆ ದುಡ್ಡನ್ನು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಕೋರ್ಟ್ ಅವಕಾಶ ಕೊಡಬಹುದು. ಆರ್‌ಸಿ ನಿಮ್ಮ ಹೆಸರಲ್ಲಿದ್ದರೆ ಹೊರೆ ನಿಮ್ಮ ತಲೆ ಮೇಲೆ.

ಟ್ಯೂಷನ್ ದೂರ, ಬಸ್ಸಿಲ್ಲ ಅಂದರೆ ಒಂದು ದಾರಿ ಇದೆ. 250 ವ್ಯಾಟ್ ಒಳಗಿನ ಮೋಟಾರಿನ, ಗಂಟೆಗೆ 25 ಕಿ.ಮೀ. ಮೀರದ ಬ್ಯಾಟರಿ ಸ್ಕೂಟರಿಗೆ ಲೈಸೆನ್ಸ್ ಬೇಕಿಲ್ಲ. ಹೆಲ್ಮೆಟ್ ಹಾಕಿಸಿ ಕೊಡಿ. ಯಾವುದೋ ಗ್ಯಾರೇಜಿನಲ್ಲಿ ಸ್ಪೀಡ್ ಲಾಕ್ ತೆಗೆಸಿದರೆ ಮಾತ್ರ ಆ ರಿಯಾಯಿತಿ ಹೋಯಿತು ಅಂತಲೇ ಲೆಕ್ಕ.

ಈಗ ಎರಡನೆಯದಕ್ಕೆ ಬರೋಣ. ಕೈ ಕೂತಿದೆ ಅಂದಿರಿ, ನಂಬುತ್ತೇನೆ. ಆ ವಯಸ್ಸಿನ ಹುಡುಗರಿಗೆ ಬ್ಯಾಲೆನ್ಸು, ರೇಸು, ತಿರುವು ಎಲ್ಲ ಒಂದು ವಾರದಲ್ಲಿ ಬರುತ್ತದೆ, ನಮಗಿಂತ ಬೇಗ ಬರುತ್ತದೆ. ತಡ ಆಗುವುದು ಕಣ್ಣು ಪಳಗುವುದು.

ಸ್ಟಾಪಿನಲ್ಲಿ ನಿಂತ ಕೆಂಪು ಬಸ್ಸು ಕಂಡ ತಕ್ಷಣ ಪಳಗಿದವರು ರೇಸ್ ಬಿಡುತ್ತಾರೆ. ಬಸ್ಸಿನ ಮುಂದಿನಿಂದ ಯಾರೋ ಒಬ್ಬರು ರಸ್ತೆಗೆ ಇಳಿಯುತ್ತಾರೆ ಅಂತ ಅವರಿಗೆ ಗೊತ್ತು. ಹೊಸಬನಿಗೆ ಕಾಣುವುದು ಬರೀ ಬಸ್ಸು. ನಿಂತ ಕಾರಿನ ಡ್ರೈವರ್ ಸೀಟಿನಲ್ಲಿ ತಲೆ ಕಂಡರೆ ಬಾಗಿಲು ತೆರೆಯಬಹುದು. ಮುಂದಿನ ಚಕ್ರ ಓರೆಯಾಗಿದ್ದರೆ ಕಾರು ಹೊರಡಬಹುದು. ಸುಗ್ಗಿಯಲ್ಲಿ ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹಾಸಿರುತ್ತಾರೆ. ಅದರ ಮೇಲೆ ಹೋಗಿ ಬ್ರೇಕ್ ಹಿಡಿದರೆ ಸ್ಕೂಟರ್ ಜಾರುತ್ತದೆ, ಹಾಗಾಗಿ ಹಾಸಿದ ಜಾಗ ಶುರುವಾಗುವ ಮೊದಲೇ ನಿಧಾನ ಮಾಡಬೇಕು. ಮಂಡ್ಯ ಕಡೆ ರಾತ್ರಿ ಹಿಂದೆ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಸಿಗುತ್ತದೆ. ಬಣ್ಣ ಬಳಿಯದ ಹಂಪು ಎಲ್ಲಾ ಕಡೆ ಸಿಗುತ್ತದೆ. ಬೇಸಿಗೆಯ ಮೊದಲ ಮಳೆಗೆ ರಸ್ತೆ ಮೇಲಿನ ಎಣ್ಣೆ, ಧೂಳು ಸೇರಿ ಆಗುವ ಜಾರು ಜೋರು ಮಳೆಗಿಂತ ಅಪಾಯ. ಇವನ್ನೆಲ್ಲ ಮೊದಲೇ ಊಹಿಸುವ ಕಣ್ಣು ಬರಲು ತಿಂಗಳುಗಳೇ ಬೇಕು.

ಬ್ರಿಟನ್ನಿನಲ್ಲಿ 2002ರಿಂದ ಇದಕ್ಕೇ ಒಂದು ಪರೀಕ್ಷೆ ಇದೆ. ರಸ್ತೆಯ ವಿಡಿಯೋ ತೋರಿಸುತ್ತಾರೆ. ಅಪಾಯ ಮೊಳೆಯುವುದು ಕಂಡ ಕೂಡಲೇ ಮೌಸ್ ಒತ್ತಬೇಕು, ತಡವಾದಷ್ಟೂ ಅಂಕ ಕಡಿಮೆ. ನಮ್ಮ ಆರ್‌ಟಿಒ ಟೆಸ್ಟಿನಲ್ಲಿ ಎಂಟು ಹಾಕಬೇಕು, ಕಾಲು ಊರಬಾರದು. ಅದು ಕೈಯ ಪರೀಕ್ಷೆ. ಎಂಟು ಹಾಕಿ ಪಾಸಾದವನಿಗೆ ರಸ್ತೆ ಓದಲು ಬರುತ್ತದೆ ಅಂತ ಲೈಸೆನ್ಸ್ ಎಲ್ಲೂ ಹೇಳುವುದಿಲ್ಲ, ನಾವೇ ಹಾಗೆ ಅಂದುಕೊಳ್ಳುತ್ತೇವೆ.

ಹಾಗಾದರೆ ಸ್ಕೂಲಿಗೆ ಸೇರಿಸಿದರೆ ಸರಿಹೋಗುತ್ತಾ? ಅಷ್ಟು ಸುಲಭವಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ 1970ರ ದಶಕದ ಕೊನೆಯಲ್ಲಿ 16,000ಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳ ಮೇಲೆ ದೊಡ್ಡ ಅಧ್ಯಯನ ಶುರುವಾಯಿತು. ಕೆಲವರಿಗೆ ವಿಶೇಷ ತರಬೇತಿ, ಕೆಲವರಿಗೆ ಸಾಧಾರಣ ತರಬೇತಿ, ಉಳಿದವರಿಗೆ ಶಾಲೆಯಲ್ಲಿ ಏನೂ ಇಲ್ಲ. ತರಬೇತಿ ಪಡೆದವರ ಅಪಘಾತಗಳು ಬಹುಕಾಲ ಕಡಿಮೆಯಾಗಿ ಉಳಿಯಲಿಲ್ಲ. ಅವರು ಲೈಸೆನ್ಸನ್ನು ಬೇಗ ಪಡೆದರು, ಅಷ್ಟು ಬೇಗ ರಸ್ತೆಗೂ ಇಳಿದರು. ನಾರ್ವೆಯದು ಇನ್ನೂ ವಿಚಿತ್ರ. ಜಾರುವ ರಸ್ತೆಯಲ್ಲಿ ಗಾಡಿ ಹತೋಟಿಗೆ ತರುವುದನ್ನು ಕಲಿಸಿದ ಮೇಲೆ ಯುವಕರ ಅಪಘಾತ ಜಾಸ್ತಿಯಾಯಿತು. ನನಗೆಲ್ಲ ಬರುತ್ತೆ ಅನ್ನುವ ಧೈರ್ಯ ಕಲಿಕೆಗಿಂತ ಮುಂದೆ ಓಡಿತು, ಅಷ್ಟೇ.

ಇಷ್ಟು ಹೇಳಿಯೂ ಸ್ಕೂಲಿಗೆ ಕಳಿಸಿ ಅಂತಲೇ ಹೇಳುತ್ತೇನೆ, ಮುಖ್ಯವಾಗಿ ಕಾರಿಗೆ. ನಿಯಮ, ಕನ್ನಡಿ ನೋಡುವ ಅಭ್ಯಾಸ, ಲೇನ್ ಶಿಸ್ತು ಮೊದಲೇ ನೆಟ್ಟಗೆ ಬರಬೇಕಾದವು. ಅಪ್ಪನಿಂದ ಕಲಿತರೆ ಅಪ್ಪನ ಕೆಟ್ಟ ಚಾಳಿಯೂ ಬರುತ್ತದೆ, ಅಲ್ವಾ? ಸೇರಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ಒಟ್ಟು ಎಷ್ಟು ಗಂಟೆ ಅವನೇ ಓಡಿಸುತ್ತಾನೆ? ಕೇಂದ್ರ ಸರ್ಕಾರ 2021ರಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ನಿಯಮ ಮಾಡಿದಾಗ ಕಾರಿನ ಕೋರ್ಸಿಗೆ 29 ಗಂಟೆ ಇಟ್ಟಿತು. 8 ಗಂಟೆ ಪಾಠ, 21 ಗಂಟೆ ಓಡಿಸುವುದು. ನಿಮ್ಮ ಬೀದಿಯ ಸ್ಕೂಲು ಕೊಡುವುದು ಇದರ ಮುಂದೆ ಎಷ್ಟು ಅಂತ ನೋಡಿಕೊಳ್ಳಿ. ಕೆಲವು ಕಡೆ ಕಲಿಯುವವನ ಕಾಲು ಬ್ರೇಕಿಗೆ ಹೋಗುವ ಮೊದಲೇ ಮೇಷ್ಟ್ರ ಕಾಲು ಹೋಗಿರುತ್ತದೆ. ಹಾಗಾದರೆ ಕಲಿತವರು ಮೇಷ್ಟ್ರು.

ಸ್ಕೂಟರ್ ಕಲಿಸುವ ಸ್ಕೂಲು ಕಡಿಮೆ. ಆ ಕೆಲಸ ನಿಮ್ಮದೇ. 18 ತುಂಬಿದ ಮೇಲೆ ಎಲ್‌ಎಲ್‌ಆರ್ ಮಾಡಿಸಿ. ಅದು 6 ತಿಂಗಳು ನಡೆಯುತ್ತದೆ, 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು. ಎಲ್ಲರೂ 31ನೇ ದಿನಕ್ಕೇ ಓಡುತ್ತಾರೆ. ನೀವು ಪೂರ್ತಿ ಆರು ತಿಂಗಳ ಹತ್ತಿರ ಎಳೆಯಿರಿ. ಎಲ್ ಬೋರ್ಡ್ ಅಂಟಿಸಿ, ಹೆಲ್ಮೆಟ್ ಹಾಕಿ ಹಿಂದೆ ಕೂರಿ. ಎಲ್‌ಎಲ್‌ಆರ್ ಇರುವವನ ಹಿಂದೆ ಕಲಿಸುವವರನ್ನು ಬಿಟ್ಟು ಬೇರೆ ಯಾರೂ ಕೂರುವಂತಿಲ್ಲ. ಹೋಗುತ್ತಾ ಹೋಗುತ್ತಾ ಕಂಡ ಅಪಾಯಗಳನ್ನು ಅವನ ಬಾಯಲ್ಲೇ ಹೇಳಿಸಿ. 'ಎಡಕ್ಕೆ ಆಟೋ ನಿಂತಿದೆ, ಹೊರಡಬಹುದು. ಆ ಅಜ್ಜಿ ದಾಟಬಹುದು.' ಎರಡು ದಿನ ನಾಚಿಕೊಳ್ಳುತ್ತಾನೆ, ಆಮೇಲೆ ನಿಮಗಿಂತ ಮೊದಲು ಹೇಳುತ್ತಾನೆ. ಹಗಲು ಆದ ಮೇಲೆ ರಾತ್ರಿ, ಒಣ ರಸ್ತೆ ಆದ ಮೇಲೆ ಮಳೆ, ಹೀಗೆ ಒಂದೊಂದೇ ಸೇರಿಸಿ.

ಬ್ರೇಕಿನ ಬಗ್ಗೆ ಒಂದು ಮಾತು. 'ಫ್ರಂಟ್ ಬ್ರೇಕ್ ಹಿಡಿಬೇಡ, ಬೀಳ್ತೀಯ' ಅಂತ ನಮ್ಮಲ್ಲಿ ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಬ್ರೇಕ್ ಹಿಡಿದಾಗ ಭಾರ ಮುಂದಿನ ಚಕ್ರಕ್ಕೆ ಬರುತ್ತದೆ, ಗಾಡಿಯನ್ನು ಹೆಚ್ಚು ನಿಲ್ಲಿಸುವುದು ಅದೇ. ಬರೀ ಹಿಂದಿನ ಬ್ರೇಕ್ ನಂಬಿದರೆ ಚಕ್ರ ಲಾಕ್ ಆಗಿ ಜಾರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಬೀಳುವುದು ಹ್ಯಾಂಡಲ್ ತಿರುಗಿಸಿಕೊಂಡು ಅಥವಾ ಮರಳಿನ ಮೇಲೆ ಮುಂದಿನದನ್ನು ಗಪ್ಪನೆ ಹಿಡಿದಾಗ. ಖಾಲಿ ಮೈದಾನದಲ್ಲಿ, ಹ್ಯಾಂಡಲ್ ನೆಟ್ಟಗಿಟ್ಟು, ಎರಡೂ ಬ್ರೇಕನ್ನು ಹಂತಹಂತವಾಗಿ ಬಿಗಿ ಮಾಡುವುದನ್ನು ಕೈಗೆ ಅಭ್ಯಾಸವಾಗುವವರೆಗೆ ಮಾಡಿಸಿ. 30ರಲ್ಲಿ ಎಷ್ಟು ದೂರಕ್ಕೆ ನಿಂತಿತು, 40ರಲ್ಲಿ ಎಷ್ಟು, ಚಾಕ್‌ಪೀಸಿನಲ್ಲಿ ಗುರುತು ಹಾಕಿ ತೋರಿಸಿ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. 60ರಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತದೆ. ಎರಡು ಸೆಕೆಂಡು ಮೊಬೈಲ್ ನೋಡಿದರೆ ಅದರ ಎರಡರಷ್ಟು ದೂರ ಕಣ್ಣು ಮುಚ್ಚಿ ಓಡಿಸಿದ ಹಾಗೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಸುಮಾರು 50,000 ಜನ ಹೆಲ್ಮೆಟ್ ಹಾಕದ ಬೈಕ್ ಸವಾರರು, ಹಿಂದೆ ಕೂತವರು. ಐಎಸ್ಐ ಗುರುತಿನ, ಮುಖ ಮುಚ್ಚುವ ಹೆಲ್ಮೆಟ್ ಕೊಡಿಸಿ, ಸ್ಟ್ರಾಪ್ ಹಾಕಿಸಿ. ಟೋಪಿಯಂಥ ಆಫ್ ಹೆಲ್ಮೆಟ್ ಪೊಲೀಸರಿಗೆ ತೋರಿಸೋಕೆ ಮಾತ್ರ.

ಲೈಸೆನ್ಸ್ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ನ್ಯೂಜಿಲೆಂಡ್ 1987ರಲ್ಲೇ ಹಂತಹಂತದ ಲೈಸೆನ್ಸ್ ತಂದಿತು. ಎರಡನೇ ಹಂತದಲ್ಲಿರುವವರು ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ, ಅನುಭವಿಗಳು ಪಕ್ಕದಲ್ಲಿ ಇಲ್ಲದಿದ್ದರೆ ಗೆಳೆಯರನ್ನು ಕೂರಿಸುವಂತಿಲ್ಲ. ಹೊಸ ಕೈ, ರಾತ್ರಿ, ಹಿಂದೆ ಹುರಿದುಂಬಿಸುವ ಗೆಳೆಯ, ಈ ಮೂರೂ ಸೇರಿದಾಗಲೇ ಅಪಾಯ ಹೆಚ್ಚು ಅನ್ನುವುದು ಇದರ ಲೆಕ್ಕ. ನಮ್ಮಲ್ಲಿ ಇಂಥ ಕಾನೂನಿಲ್ಲ. ಮನೆಯಲ್ಲೇ ಮಾಡಿಕೊಳ್ಳಬೇಕು. ಮೊದಲ ಆರು ತಿಂಗಳು ರಾತ್ರಿ ಗಾಡಿ ಇಲ್ಲ, ಹಿಂದೆ ಗೆಳೆಯರಿಲ್ಲ. ಕೀ ಕೊಡುವ ಮೊದಲೇ ಹೇಳಿಬಿಡಿ, ಆಮೇಲೆ ಹೇಳಿದರೆ ಜಗಳ.

ಬೆಂಗಳೂರಿನವರಾದರೆ, ಲೈಸೆನ್ಸ್ ಕೈಗೆ ಬಂದ ವಾರವೇ 'ಮೈಸೂರಿಗೆ ಬೈಕಲ್ಲಿ ಹೋಗಿ ಬರ್ತೀವಿ' ಅಂತ ಕೇಳಿಯೇ ಕೇಳುತ್ತಾನೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು ಅಂತ ಹೇಳಿ. ಆ ಸಲಕ್ಕೆ ರೈಲು ಟಿಕೆಟ್ ತೆಗೆಸಿಕೊಡಿ.