ಸ್ಲೈಸ್ ಅಂದ್ರೆ ಏನು? ಟೆನಿಸ್ ಆಟಗಾರ ಸಾಂತೋರೋ ಆಟದಲ್ಲಿ ನೋಡೋಣ ಬನ್ನಿ

ಟೆನಿಸ್ ಕಾಮೆಂಟ್ರಿ ಕೇಳೋವಾಗ ಸ್ಲೈಸ್ ಅನ್ನೋ ಪದ ಒಂದು ಸೆಟ್‌ನಲ್ಲೇ ಹತ್ತಾರು ಸಲ ಕಿವಿಗೆ ಬೀಳತ್ತೆ, ಆದ್ರೆ ಅದೇನು ಅಂತ ಬಿಡಿಸಿ ಹೇಳೋರು ಕಮ್ಮಿ. ಬ್ರೆಡ್ ಸ್ಲೈಸ್ ಅಂತೀವಲ್ಲ, ಅದೇ ಪದ. ಚಾಕು ಓರೆಯಾಗಿ ಕೆಳಗಿಳಿಯೋ ಹಾಗೆ ರಾಕೆಟ್ ಮೇಲಿಂದ ಬಂದು ಬಾಲ್‌ನ ಹಿಂದೆ, ಸ್ವಲ್ಪ ಅಡಿಭಾಗ ಸವರ್ಕೊಂಡು ಮುಂದೆ ಹೋಗತ್ತೆ, ಹಾಗೆ ಸವರಿದ್ರಿಂದ ಬಾಲ್ ಮುಂದಕ್ಕೆ ಹೋಗ್ತಾ ಹೋಗ್ತಾನೇ ಹಿಮ್ಮುಖವಾಗಿ ಗಿರಗಿರ ತಿರುಗ್ತಾ ಇರತ್ತೆ. ಈ ಹಿಮ್ಮುಖ ತಿರುಗೋದಕ್ಕೆ ಬ್ಯಾಕ್‌ಸ್ಪಿನ್ ಅಂತಾರೆ. ಇದರ ಉಲ್ಟಾ ಟಾಪ್‌ಸ್ಪಿನ್, ಕೆಳಗಿಂದ ಮೇಲಕ್ಕೆ ಉಜ್ಜಿ ಹೊಡಿಯೋದು, ಈಗಿನವರು ಜಾಸ್ತಿ ಆಡೋದು ಅದನ್ನೇ.

ಟಾಪ್‌ಸ್ಪಿನ್ ಬಾಲ್ ನೆಲಕ್ಕೆ ಬಿದ್ದ ತಕ್ಷಣ ಭುಜದವರೆಗೂ ಪುಟಿಯತ್ತೆ. ಸ್ಲೈಸ್ ಹಾಗಲ್ಲ, ಗಾಳಿಲಿ ತೇಲ್ಕೊಂಡು ನಿಧಾನಕ್ಕೆ ಬರತ್ತೆ, ಬಿದ್ದ ಮೇಲೆ ಏಳೋದೇ ಇಲ್ಲ, ನೆಲಕ್ಕೆ ಅಂಟ್ಕೊಂಡ ಹಾಗೆ ಜಾರ್ಕೊಂಡು ಹೋಗತ್ತೆ. ಹುಲ್ಲಿನ ಕೋರ್ಟ್‌ನಲ್ಲಂತೂ ಇನ್ನೂ ಕೆಳಗೆ. ಅದೇ ಬ್ಯಾಕ್‌ಸ್ಪಿನ್‌ನ ಮೆತ್ತಗೆ ಕೊಟ್ಟು ನೆಟ್ ದಾಟಿಸಿ ಅಲ್ಲೇ ಬೀಳಿಸಿದ್ರೆ ಅದು ಡ್ರಾಪ್ ಶಾಟ್. ಚಿಕ್ಕವರಿದ್ದಾಗ ಹಳೇ ಸೈಕಲ್ ಟೈರ್‌ನ ಹಿಂದಕ್ಕೆ ತಿರುಗಿಸಿ ಮುಂದಕ್ಕೆ ಎಸೀತಿದ್ವಲ್ಲ, ಅದು ಸ್ವಲ್ಪ ದೂರ ಹೋಗಿ ವಾಪಸ್ ನಮ್ಮ ಕಡೆಗೇ ಉರುಳ್ಕೊಂಡು ಬರ್ತಿತ್ತಲ್ಲ, ಒಳ್ಳೆ ಡ್ರಾಪ್ ಶಾಟ್ ನೋಡಿದಾಗೆಲ್ಲ ನನಗೆ ಆ ಟೈರ್ ನೆನಪಾಗತ್ತೆ.

ಸಾಮಾನ್ಯವಾಗಿ ಸ್ಲೈಸ್ ಅಂದ್ರೆ ಬಚಾವಾಗೋಕೆ ಆಡೋ ಶಾಟ್, ಕಷ್ಟದಲ್ಲಿದ್ದಾಗ ಟೈಮ್ ತಗೊಳೋಕೆ ಅಂತ ಹೇಳ್ತಾರೆ. ನಾನು ಇದನ್ನ ಪೂರ್ತಿ ಒಪ್ಪಲ್ಲ, ಯಾಕಂದ್ರೆ ಫಾಬ್ರಿಸ್ ಸಾಂತೋರೋ ಅನ್ನೋ ಫ್ರಾನ್ಸ್ ಆಟಗಾರ ಇದನ್ನೇ ಆಯುಧ ಮಾಡ್ಕೊಂಡು ಇಪ್ಪತ್ತು ವರ್ಷದ ಮೇಲೆ ಆಡಿದ್ದಾರೆ. ಹುಟ್ಟಿದ್ದು 1972ರಲ್ಲಿ, ಪೆಸಿಫಿಕ್ ಸಮುದ್ರದ ನಡುವೆ ಇರೋ ತಹೀತಿ ದ್ವೀಪದಲ್ಲಿ. ಬ್ಯಾಕ್‌ಹ್ಯಾಂಡ್‌ಗೆ, ಅಂದ್ರೆ ರಾಕೆಟ್ ಹಿಡಿಯೋ ಕೈಯ ಆಚೆ ಬದಿಗೆ ಬಂದ ಬಾಲ್‌ಗೆ, ಎರಡು ಕೈ ಹಿಡಿಯೋರು ಬೇಕಾದಷ್ಟು ಜನ ಇದ್ದಾರೆ, ಇವರು ಅದೇ ಕೈ ಬದಿಗೆ ಬರೋ ಬಾಲ್‌ಗೆ ಆಡೋ ಫೋರ್‌ಹ್ಯಾಂಡ್‌ಗೂ ಎರಡೂ ಕೈ ಹಿಡೀತಿದ್ರು, ಅದೂ ಹೊಡಿಯೋಕಲ್ಲ, ಸ್ಲೈಸ್ ಮಾಡೋಕೆ! ಬಾಲ್ ಬರೋಷ್ಟರಲ್ಲಿ ರಾಕೆಟ್ ಭುಜದ ಹತ್ರ ರೆಡಿ, ಎರಡು ಕೈಲಿ ಹಿಡ್ಕೊಂಡು ಒಂದು ಸಣ್ಣ ಕತ್ತರಿಕೆ, ಅಷ್ಟೇ. ಅದೇ ಕೈಚಲನೆಯಿಂದ ಬಾಲ್ ಉದ್ದಕ್ಕೂ ಹೋಗಬಹುದು, ನೆಟ್ ಪಕ್ಕದಲ್ಲೂ ಬೀಳಬಹುದು, ತಲೆ ಮೇಲಿಂದ ಲಾಬ್ ಕೂಡ ಆಗಬಹುದು, ಎದುರಿಗಿರೋನಿಗೆ ಕೊನೇ ಕ್ಷಣದವರೆಗೂ ಗೊತ್ತಾಗಲ್ಲ. ಪೀಟ್ ಸಾಂಪ್ರಾಸ್ ಅಂಥವರೇ ಇವರನ್ನ ಮ್ಯಾಜಿಶಿಯನ್ ಅಂತ ಕರೆದ್ರು, ಆ ಹೆಸರು ಹಾಗೇ ಉಳ್ಕೊಳ್ತು.

ಇದು ಎಷ್ಟು ಕಾಡತ್ತೆ ಅಂತ ತಿಳೀಬೇಕಾದ್ರೆ ಮರಾತ್ ಸಾಫಿನ್ ಕಥೆ ಕೇಳ್ಬೇಕು. ಆರಡಿ ನಾಲ್ಕಿಂಚು ಎತ್ತರ, 2000ದ ಯುಎಸ್ ಓಪನ್ ಗೆದ್ದ ರಷ್ಯಾದ ಹುಡುಗ, ಹೊಡೆದ್ರೆ ಬೆಂಕಿ. ಸಾಂತೋರೋ ಆರಡಿನೂ ಇಲ್ಲ, ಸರ್ವ್‌ನಲ್ಲೂ ಅಂಥಾ ಸ್ಪೀಡ್ ಇಲ್ಲ. ಆದ್ರೂ ಇಬ್ಬರೂ ಆಡಿದ 9 ಮ್ಯಾಚ್‌ನಲ್ಲಿ 7 ಗೆದ್ದಿದ್ದು ಸಾಂತೋರೋನೇ. ಕಾರಣ ಏನಪ್ಪಾ ಅಂದ್ರೆ ಜೋರಾಗಿ ಹೊಡಿಯೋರಿಗೆ ಎದುರಿಂದ ಬರೋ ಬಾಲ್‌ನಲ್ಲೂ ಸ್ವಲ್ಪ ವೇಗ ಬೇಕು, ಸೊಂಟದ ಮಟ್ಟಕ್ಕೆ ಬರಬೇಕು, ಆಗ ಅವರ ಲಯ ಕೂಡತ್ತೆ. ಸ್ಲೈಸ್ ಎರಡನ್ನೂ ಕೊಡಲ್ಲ. ಪ್ರತಿ ಸಲ ಮೊಣಕಾಲು ಬಗ್ಗಿಸಿ, ಪಾದದ ಹತ್ರದ ಬಾಲ್‌ನ ಎತ್ತಿ, ನೆಟ್ ದಾಟಿಸಿ, ವೇಗನೂ ತಾವೇ ಹುಟ್ಟಿಸ್ಕೋಬೇಕು, ಒಂದೆರಡು ಗೇಮ್ ಪರವಾಗಿಲ್ಲ, ಎರಡು ಗಂಟೆ ಹಿಂಗೇ ಆದ್ರೆ ಕಾಲಿಗಿಂತ ಮೊದ್ಲು ತಾಳ್ಮೆ ಸೋಲತ್ತೆ.

ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ರ‍್ಯಾಂಕಿಂಗ್ 17, ಟೈಟಲ್ 6. ಅದರಲ್ಲಿ ಎರಡು ಅಮೆರಿಕದ ನ್ಯೂಪೋರ್ಟ್‌ನ ಹುಲ್ಲಿನ ಮೇಲೆ, 2007 ಮತ್ತು 2008ರಲ್ಲಿ, ಎರಡನೇದು ಗೆದ್ದಾಗ ವಯಸ್ಸು 35. ಹುಲ್ಲಲ್ಲಿ ಸ್ಲೈಸ್ ಎಷ್ಟು ಜಾರತ್ತೆ ಅಂದ್ನಲ್ಲ, ಅಲ್ಲಿ ನೋಡ್ಬೇಕು. ಡಬಲ್ಸ್‌ನಲ್ಲಂತೂ 24 ಟೈಟಲ್, ಮಿಶೆಲ್ ಲೊದ್ರಾ ಜೊತೆ 2003, 2004 ಎರಡೂ ವರ್ಷ ಆಸ್ಟ್ರೇಲಿಯನ್ ಓಪನ್. ನೆಟ್ ಹತ್ರ ನಿಂತವನ ಕಾಲಬುಡಕ್ಕೆ ಬಾಲ್ ಇಳಿಸೋದು ಡಬಲ್ಸ್‌ನಲ್ಲಿ ದೊಡ್ಡ ವಿದ್ಯೆ, ಅದಕ್ಕೆ ಇವರ ಕೈ ಹೇಳಿ ಮಾಡಿಸಿದ ಹಾಗಿತ್ತು.

ಇನ್ನೊಂದು ಮ್ಯಾಚ್ ಹೇಳದೇ ಇರೋಕಾಗಲ್ಲ. 2004ರ ಫ್ರೆಂಚ್ ಓಪನ್ ಮೊದಲ ಸುತ್ತು, ಎದುರಿಗೆ ತಮ್ಮದೇ ದೇಶದ ಆರ್ನೋ ಕ್ಲೆಮಾ. ಕೆಂಪು ಮಣ್ಣಿನ ಮೇಲೆ ಎರಡು ದಿನ ನಡೀತು, ಒಟ್ಟು 6 ಗಂಟೆ 33 ನಿಮಿಷ, ಐದನೇ ಸೆಟ್ 16-14, ಗೆದ್ದಿದ್ದು ಸಾಂತೋರೋ. ಆವತ್ತಿಗೆ ಅದು ಅತಿ ಉದ್ದದ ಮ್ಯಾಚ್, 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಾಯು ಆಡೋವರೆಗೂ ಆ ದಾಖಲೆ ಮುರೀಲಿಲ್ಲ. ಮೈಮೇಲೆ ಬಿದ್ದು ಹೊಡಿಯೋ ಆಟ ಆಗಿದ್ರೆ ಅಷ್ಟು ಹೊತ್ತು ತಡ್ಕೊಳೋದು ಕಷ್ಟ ಅಂತ ನನ್ನ ಅನಿಸಿಕೆ. 1989ರಲ್ಲಿ ಮೊದಲ ಗ್ರ್ಯಾಂಡ್ ಸ್ಲಾಮ್ (ವರ್ಷಕ್ಕೆ ನಾಲ್ಕು ನಡಿಯೋ ದೊಡ್ಡ ಟೂರ್ನಿಗಳಲ್ಲಿ ಒಂದು) ಆಡಿದವರು 2010ರ ಆಸ್ಟ್ರೇಲಿಯನ್ ಓಪನ್‌ನಲ್ಲೂ ಕಣಕ್ಕಿಳಿದ್ರು, ಅದು ಅವರ 70ನೇ ಸ್ಲಾಮ್.

ಅವರ ಹಳೇ ಮ್ಯಾಚ್ ವಿಡಿಯೋ ಸಿಕ್ಕಿದ್ರೆ ಒಂದು ಕೆಲಸ ಮಾಡಿ, ಹತ್ತು ನಿಮಿಷ ಸಾಂತೋರೋನ ನೋಡ್ಬೇಡಿ, ಎದುರಾಳಿಯ ಮೊಣಕಾಲು ನೋಡಿ, ಎಷ್ಟು ಸಲ ಬಗ್ಗತ್ತೆ, ಯಾವಾಗ ಬಗ್ಗೋದು ನಿಲ್ಲತ್ತೆ ಅಂತ. ನಿಂತ ಮೇಲೆ ಬಾಲ್ ನೆಟ್‌ಗೆ ಬೀಳೋಕೆ ಶುರುವಾಗತ್ತೆ.