ಮಕ್ಕಳ ಹೆಸರಿಗೇ ಬರೆಯಬೇಕೆಂಬ ಹಟ

"ಇರೋದೆಲ್ಲ ಮಕ್ಕಳ ಹೆಸರಿಗೇ ಬರೆದುಬಿಡಿ ವಕೀಲ್ರೇ, ಮತ್ತೆ ತಲೆಬಿಸಿ ಬೇಡ." ವೀಲುನಾಮೆ ಬರೆಸಲು ಬರುವ ಎಳೆಯ ದಂಪತಿಗಳಲ್ಲಿ ಹೆಚ್ಚಿನವರು ಸರಿಯಾಗಿ ಕೂರುವ ಮೊದಲೇ ಹೇಳುವ ಮಾತಿದು. ಮಗಳಿಗೆ ನಾಲ್ಕು ವರ್ಷ, ಮಗ ಇನ್ನೂ ಅಂಗನವಾಡಿಗೂ ಹೋಗುತ್ತಿಲ್ಲ. ಮಂಗಳೂರಿನ ಬಿಜೈಯಲ್ಲೊಂದು ಫ್ಲ್ಯಾಟು, ಕಾರ್ಕಳದ ಕಡೆ ಸ್ವಲ್ಪ ಅಡಿಕೆ ತೋಟ, ಗಂಡನ ಕೆಲಸ ಮಸ್ಕತ್ತಿನಲ್ಲಿ. ಪ್ರೀತಿಯಿಂದ ಆಡಿದ ಮಾತು, ಬೈಯುವ ಹಾಗಿಲ್ಲ. ಆದರೆ ತಲೆಬಿಸಿ ಶುರುವಾಗುವುದೇ ಅಲ್ಲಿಂದ.

ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲವಾದ್ದರಿಂದ ನಿಧಾನಕ್ಕೆ ಹೇಳುತ್ತೇನೆ. ಹದಿನೆಂಟು ತುಂಬದ ಮಗುವಿನ ಹೆಸರಿಗೆ ಮನೆಯೋ ಜಾಗವೋ ಬಂತೆಂದರೆ, ಹೆತ್ತ ತಾಯಿಯೂ ಅದನ್ನು ತನ್ನಿಷ್ಟಕ್ಕೆ ಮಾರುವಂತಿಲ್ಲ, ಅಡವಿಟ್ಟು ಸಾಲ ತೆಗೆಯುವಂತಿಲ್ಲ, ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಲೀಸಿಗೆ ಕೊಡುವಂತಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯ 8ನೇ ಕಲಂ ಪ್ರಕಾರ ಮೊದಲೇ ಕೋರ್ಟಿನ ಅನುಮತಿ ಬೇಕು. ಮಗುವಿಗೆ ಅಗತ್ಯವಿದೆ ಅಥವಾ ಸ್ಪಷ್ಟವಾಗಿ ಲಾಭವಿದೆ ಎಂದು ಮನವರಿಕೆಯಾದರೆ ಮಾತ್ರ ಕೋರ್ಟು ಒಪ್ಪುತ್ತದೆ. ಅನುಮತಿ ಇಲ್ಲದೆ ಮಾರಿದರೆ, ಆ ಮಗು ದೊಡ್ಡದಾಗಿ ಮೂರು ವರ್ಷದೊಳಗೆ ದಾವೆ ಹೂಡಿ ಆ ಕ್ರಯಪತ್ರವನ್ನು ರದ್ದು ಮಾಡಿಸಬಹುದು. ಇಷ್ಟು ತಿಳಿದ ಮೇಲೆ ಯಾವ ಖರೀದಿದಾರ ದುಡ್ಡು ಬಿಚ್ಚುತ್ತಾನೆ?

ಒಬ್ಬ ತಾಯಿ ಬಂದಿದ್ದರು. ತೀರಿಹೋದ ಗಂಡ ವೀಲುನಾಮೆಯಲ್ಲಿ ಫ್ಲ್ಯಾಟನ್ನು ಮಗಳಿಗೇ ಬರೆದಿದ್ದರು, ಎರಡೇ ಸಾಲು. ಈಕೆಗೆ ಅದನ್ನು ಮಾರಿ ಮಣಿಪಾಲದಲ್ಲಿ ಅಕ್ಕನ ಮನೆ ಹತ್ತಿರ ಚಿಕ್ಕದೊಂದು ತೆಗೆದುಕೊಳ್ಳುವ ಯೋಚನೆ. ಪಾರ್ಟಿ ಸಿಕ್ಕಿತು, ಅಡ್ವಾನ್ಸೂ ಬಂತು. ಖರೀದಿದಾರನ ಬ್ಯಾಂಕಿನ ವಕೀಲರು ಕಡತ ನೋಡಿ, "ಮೈನರ್ ಆಸ್ತಿ, ಕೋರ್ಟ್ ಪರ್ಮಿಶನ್ ಎಲ್ಲಿ?" ಎಂದು ಒಂದು ಸಾಲು ಗೀಚಿ ವಾಪಸ್ ಕಳಿಸಿದರು. ಅರ್ಜಿ ಹಾಕಿದೆವು. ಯಾಕೆ ಮಾರಬೇಕು, ಬಂದ ಹಣ ಎಲ್ಲಿಡುತ್ತೀರಿ, ಮಗುವಿಗೆ ಇದರಿಂದ ಏನು ಅನುಕೂಲ ಎಂದು ಕೋರ್ಟು ಕೇಳಿತು. ಕೇಳಬೇಕಾದದ್ದೇ, ತಪ್ಪಲ್ಲ. ಅಷ್ಟರಲ್ಲಿ ಖರೀದಿದಾರ ಕದ್ರಿಯಲ್ಲಿ ಬೇರೆ ಫ್ಲ್ಯಾಟು ನೋಡಿಕೊಂಡ. "ನಾನು ಅವಳ ಅಮ್ಮ ಅಲ್ವಾ ಸಾರ್?" ಎಂದು ಆಕೆ ಕೇಳಿದಾಗ ನನ್ನ ಹತ್ತಿರ ಹೇಳಲಿಕ್ಕೆ ಕಾಯಿದೆ ಬಿಟ್ಟರೆ ಬೇರೇನೂ ಇರಲಿಲ್ಲ.

ಹಾಗಾದರೆ ವೀಲುನಾಮೆಯೇ ಬೇಡ, ಎಲ್ಲ ಹೆಂಡತಿಗೆ ತಾನೇ ಹೋಗುತ್ತದೆ ಎನ್ನುವವರೂ ಇದ್ದಾರೆ. ಹೋಗುವುದಿಲ್ಲ. ಹಿಂದೂ ಗಂಡಸು ವೀಲುನಾಮೆ ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿ ಹೆಂಡತಿಗೆ, ಪ್ರತಿಯೊಂದು ಮಗುವಿಗೆ, ಅವನ ತಾಯಿ ಬದುಕಿದ್ದರೆ ತಾಯಿಗೆ ಸಮಪಾಲು. ಮೇಲಿನ ದಂಪತಿಯ ಲೆಕ್ಕದಲ್ಲಿ, ಗಂಡನ ತಾಯಿ ಇದ್ದರೆ, ಜಮೀನಿನ ದಾಖಲೆಯಾದ ಆರ್‌ಟಿಸಿಯಲ್ಲಿ ನಾಲ್ಕು ಹೆಸರು, ಅದರಲ್ಲಿ ಎರಡು ಮೈನರ್. ಮತ್ತೆ ಅದೇ ಕೋರ್ಟು. ಅಜ್ಜಿಯೂ ಏನೂ ಬರೆಯದೆ ಹೋದರೆ ಅವರ ಕಾಲು ಪಾಲಿನಲ್ಲಿ ಬೊಂಬಾಯಿಯಲ್ಲಿರುವ ಗಂಡನ ಅಣ್ಣನಿಗೂ ಹಕ್ಕು ಬರುತ್ತದೆ. ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇನೆ ಎನ್ನುವ ಧೈರ್ಯವೂ ಸಾಲದು. ಠೇವಣಿ, ಶೇರುಗಳಲ್ಲಿ ನಾಮಿನಿ ಎಂದರೆ ಹಣ ಕೈಗೆ ಪಡೆಯುವವರು, ಮಾಲೀಕರಲ್ಲ. ಶೇರುಗಳ ಬಗ್ಗೆ ಸುಪ್ರೀಂ ಕೋರ್ಟು 2023ರಲ್ಲೂ ಇದನ್ನೇ ಹೇಳಿದೆ.

ನಾನು ಸಾಮಾನ್ಯವಾಗಿ ಸೂಚಿಸುವುದು ಇಷ್ಟು. ಹೆಂಡತಿಯ ಮೇಲೆ ನಂಬಿಕೆ ಇದ್ದರೆ (ಇಲ್ಲದಿದ್ದರೆ ಅದು ಬೇರೆಯೇ ಕೇಸು) ಆಸ್ತಿಯನ್ನು ಪೂರ್ಣವಾಗಿ ಆಕೆಗೇ ಬರೆಯಿರಿ. ಆಕೆಯೂ ನಿಮಗೆ ಹಾಗೆಯೇ ಬರೆಯಲಿ. ಇಬ್ಬರೂ ಇಲ್ಲವಾದರೆ ಮಾತ್ರ ಮಕ್ಕಳಿಗೆ. ಅದೂ ನೇರವಾಗಿ ಅಲ್ಲ, ಮಕ್ಕಳ ಪರವಾಗಿ ಆಸ್ತಿ ನೋಡಿಕೊಳ್ಳುವ ಒಬ್ಬರೋ ಇಬ್ಬರೋ ಟ್ರಸ್ಟಿಗಳ ಮೂಲಕ. ಮಕ್ಕಳ ಓದಿಗೆ, ಆಸ್ಪತ್ರೆಗೆ ಬೇಕಾದಾಗ ಮಾರುವ ಅಧಿಕಾರ ಟ್ರಸ್ಟಿಗಳಿಗಿದೆ ಎಂದು ಸ್ಪಷ್ಟ ಅಕ್ಷರದಲ್ಲಿ ಬರೆಸಿ. ಇಪ್ಪತ್ತೈದು ವರ್ಷದವರೆಗೆ ಆಸ್ತಿ ಮಕ್ಕಳ ಕೈಗೆ ಹೋಗಬಾರದೆಂದಿದ್ದರೆ ಅದನ್ನೂ ಟ್ರಸ್ಟಿನ ರೂಪದಲ್ಲಿಯೇ, ತಿಳಿದವರಿಂದ ಬರೆಸಬೇಕು. ಸುಮ್ಮನೆ ಒಂದು ಸಾಲು ಸೇರಿಸಿದರೆ ನಿಲ್ಲದೆ ಹೋಗಬಹುದು, ಮಗ ಹದಿನೆಂಟಕ್ಕೇ ತೋಟದ ದಾಖಲೆ ಕೇಳಬಹುದು.

ಕುಟುಂಬದ ಅವಿಭಕ್ತ ಆಸ್ತಿಗೆ ಈ ಲೆಕ್ಕ ಹೀಗೆಯೇ ಹೊಂದುವುದಿಲ್ಲ. ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಸಾಗುವ) ಮನೆಗಳವರು ಕವರಿನಲ್ಲಿರುವ, ಅಂದರೆ ಆ ಕುಟುಂಬದ ಕವಲಿನಲ್ಲಿರುವ, ತಮ್ಮ ಪಾಲನ್ನೂ ವೀಲುನಾಮೆಯಲ್ಲಿ ಬರೆಯಬಹುದು, ಆದರೆ ಪಾಲುಪಟ್ಟಿ ತೋರಿಸದೆ ಬರೆಸಲು ಬರಬೇಡಿ. ಕ್ರೈಸ್ತರಿಗೆ 1925ರ ಉತ್ತರಾಧಿಕಾರ ಕಾಯಿದೆ. ಬ್ಯಾರಿಗಳಿಗೆ ಮುಸ್ಲಿಂ ಕಾನೂನು, ಅಲ್ಲಿ ವಸಿಯತ್ತಿಗೆ (ವೀಲುನಾಮೆಗೆ) ಆಸ್ತಿಯ ಮೂರನೇ ಒಂದರ ಮಿತಿಯಿದೆ. ಅವೆರಡನ್ನೂ ಇಲ್ಲಿ ತುರುಕುವುದಿಲ್ಲ.

"ಇಬ್ಬರೂ ಒಟ್ಟಿಗೆ ಎಲ್ಲಿ ಹೋಗ್ತೇವೆ ಮಾರಾಯ್ರೆ" ಎಂದು ನಗುವವರಿಗೆ ನಾನು 2010ರ ಮೇ 22 ಎಂದಷ್ಟೇ ಹೇಳುತ್ತೇನೆ. ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಬಿದ್ದು 158 ಜನ ಹೋದ ದಿನ. ಈ ಊರಿನಲ್ಲಿ ಅದನ್ನು ವಿವರಿಸಬೇಕಿಲ್ಲ. ಯಾರು ಮೊದಲು ತೀರಿಕೊಂಡರೆಂದು ತಿಳಿಯದಿದ್ದಾಗ ಕಿರಿಯರು ಹಿರಿಯರಿಗಿಂತ ಹೆಚ್ಚು ಹೊತ್ತು ಬದುಕಿದ್ದರೆಂದು ಹಿಂದೂ ಉತ್ತರಾಧಿಕಾರ ಕಾಯಿದೆ ಭಾವಿಸುತ್ತದೆ. ಬೇರೆ ಪುರಾವೆ ಇಲ್ಲದಿದ್ದರೆ ಗಂಡನ ಆಸ್ತಿ ಒಂದು ಕ್ಷಣದ ಮಟ್ಟಿಗೆ ಕಿರಿಯಳಾದ ಹೆಂಡತಿಯದಾಗಿ, ಆಮೇಲೆ ಆಕೆಯ ವೀಲುನಾಮೆ ಹೇಳಿದಂತೆ ಸಾಗುತ್ತದೆ. ಅದಕ್ಕೇ ಎರಡೂ ವೀಲುನಾಮೆ ಒಂದಕ್ಕೊಂದು ಹೊಂದಬೇಕು.

ಇನ್ನು ಮಕ್ಕಳನ್ನು ಸಾಕುವವರು ಯಾರು ಎಂಬುದು. ತಂದೆ ಗಾರ್ಡಿಯನ್ ಹೆಸರಿಸಿದರೂ ತಾಯಿ ಇರುವವರೆಗೆ ಅದು ನಡೆಯುವುದಿಲ್ಲ, ಮತ್ತು ಕೊನೆಗೆ ತಾಯಿ ತನ್ನ ವೀಲುನಾಮೆಯಲ್ಲಿ ಹೆಸರಿಸಿದವರದ್ದೇ ನಡೆಯುತ್ತದೆ. ಆದ್ದರಿಂದ ಇಬ್ಬರೂ ಒಂದೇ ಹೆಸರು ಬರೆಯಿರಿ. ಅದರಲ್ಲಿ ಜಗಳ ಬಂದರೆ ನನ್ನ ಆಫೀಸಿನಲ್ಲಿ ಬೇಡ, ಮನೆಯಲ್ಲೇ ಮುಗಿಸಿ ಬನ್ನಿ. ಸಾಕುವವರೂ ದುಡ್ಡು ನೋಡಿಕೊಳ್ಳುವವರೂ ಬೇರೆಬೇರೆ ಇದ್ದರೆ ಒಳ್ಳೆಯದು. ಚಿಕ್ಕಮ್ಮ ಅನ್ನ ಹಾಕಲಿ, ಲೆಕ್ಕ ಮಾವ ಇಡಲಿ.

ಹೆಸರು ಬರೆಸುವ ಮೊದಲು ಅವರನ್ನು ಒಂದು ಮಾತು ಕೇಳಿ. ಒಬ್ಬರು ಕುವೈತಿನಲ್ಲಿದ್ದ ಬಾವಮೈದನ ಹೆಸರು ಹಾಕಿಸಿ, ಸಹಿಯೂ ಆಗಿ, ಚಹಾ ಕುಡಿಯುತ್ತಾ ಫೋನು ಮಾಡಿದರು. ಅತ್ತ ಕಡೆಯಿಂದ ಬಂದ ಉತ್ತರ: "ನಾವು ಮುಂದಿನ ತಿಂಗಳು ಕೆನಡಾಕ್ಕೆ ಹೋಗ್ತಿದ್ದೇವಲ್ಲ, ಅಕ್ಕ ಹೇಳ್ಲಿಲ್ವಾ ಬಾವ?" ಮತ್ತೊಂದು ವೀಲುನಾಮೆ ಬರೆದೆವು.